ಈ ಭಾನುವಾರವೂ ಮಗುವನ್ನು ಕಳಿಸದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೊದಲು ಅಭಿನಂದನೆ ಸ್ವೀಕರಿಸಿ. ‘ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ’ ಎಂದು ಕೌಟುಂಬಿಕ ನ್ಯಾಯಾಲಯದವರು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟ ಆದೇಶವನ್ನು ನೀವು ಪೂರ್ತಿ ಓದಿದ್ದೀರಿ. ತಿಳಿಯದ ಕಡೆ ವಕೀಲರನ್ನು ಕೇಳಿದ್ದೀರಿ. ಫೀಸು ಕಟ್ಟಿ ದೃಢೀಕೃತ ನಕಲು ತೆಗೆಸಿ, ಬೀರುವಿನಲ್ಲಿ ಮಗುವಿನ ಜನನ ಪ್ರಮಾಣಪತ್ರದ ಜೊತೆ ಭದ್ರವಾಗಿ ಇಟ್ಟಿದ್ದೀರಿ. ಪಾಲಿಸುವುದೊಂದನ್ನು ಬಿಟ್ಟು ಆ ಆದೇಶಕ್ಕೆ ಸಲ್ಲಬೇಕಾದ ಸಕಲ ಮರ್ಯಾದೆಯನ್ನೂ ಸಲ್ಲಿಸಿದ್ದೀರಿ.

ನೀವು ತಂದೆಯೋ ತಾಯಿಯೋ ನಾನು ಕೇಳುವುದಿಲ್ಲ. ಈ ವಿದ್ಯೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ನಮ್ಮ ದೇಶದಲ್ಲಿ ಲಿಂಗಸಮಾನತೆ ಪೂರ್ತಿ ಜಾರಿಗೆ ಬಂದಿರುವ ಕೆಲವೇ ಕ್ಷೇತ್ರಗಳಲ್ಲಿ ಇದೂ ಒಂದು. ಶನಿವಾರ ಸ್ಕೂಲಿನಿಂದ ಕರೆದುಕೊಂಡು ಹೋದ ಮಗನನ್ನು ಸೋಮವಾರ ವಾಪಸು ಬಿಡದ ಅಪ್ಪಂದಿರು ನಿಮ್ಮಲ್ಲಿದ್ದಾರೆ. ಅಪ್ಪ ಗೇಟಿನ ಹೊರಗೆ ನಿಂತಿರುವಾಗ ಒಳಗಿನಿಂದ ಚಿಲಕ ಹಾಕಿ ಟಿವಿ ಸೌಂಡು ಜಾಸ್ತಿ ಮಾಡಿದ ಅಮ್ಮಂದಿರೂ ಇದ್ದಾರೆ. ಎರಡೂ ಕಡೆ ಅಜ್ಜ ಅಜ್ಜಿ, ಸೋದರಮಾವ, ಅತ್ತೆ ಇವರೆಲ್ಲ ಯಥಾಶಕ್ತಿ ಕೈಜೋಡಿಸಿದ್ದಾರೆ. ಆಸ್ತಿ ಪಾಲಿನ ವಿಷಯಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಮನೆಗಳೂ ಈ ಒಂದು ಕಾರ್ಯದಲ್ಲಿ ಒಗ್ಗಟ್ಟಾಗುವುದನ್ನು ಕಂಡರೆ ಕೂಡುಕುಟುಂಬ ಪದ್ಧತಿ ಇನ್ನೂ ಬದುಕಿದೆ ಎನಿಸುತ್ತದೆ.

ನಿಮ್ಮ ಕಾರಣಗಳ ಮೇಲೆ ನನಗೆ ಅಪಾರ ಗೌರವ. ಭಾನುವಾರ ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ, ಆ ಕಡೆಯವರು ಆಟೋ ಹತ್ತಿದ ಹೊತ್ತಿಗೆ ಸರಿಯಾಗಿ, ವಾಟ್ಸ್‌ಆಪಿನಲ್ಲಿ ಬರುವ ‘ಪುಟ್ಟಂಗೆ ಜ್ವರ, ಇವತ್ತು ಕಳ್ಸಕ್ಕಾಗಲ್ಲ’ ಎಂಬ ಸಾಲು ಈ ಪ್ರಕಾರದ ಸಾಹಿತ್ಯದಲ್ಲಿ ಅಭಿಜಾತ. ಈ ಜ್ವರ ಶನಿವಾರ ರಾತ್ರಿ ಏರುತ್ತದೆ, ಸೋಮವಾರ ಸ್ಕೂಲ್ ವ್ಯಾನು ಹಾರನ್ ಹೊಡೆಯುವಷ್ಟರಲ್ಲಿ ಇಳಿಯುತ್ತದೆ. ಜ್ವರದ ಸರದಿ ಮುಗಿದ ಮೇಲೆ ಯೂನಿಟ್ ಟೆಸ್ಟು. ಆಮೇಲೆ ಅಬ್ಯಾಕಸ್, ಈಜು, ಪಕ್ಕದ ಮನೆ ಹುಡುಗನ ಬರ್ತ್‌ಡೇ, ಊರ ಜಾತ್ರೆ, ಮುತ್ತಜ್ಜಿಯ ತಿಥಿ. ಇಷ್ಟೂ ಖರ್ಚಾದ ಮೇಲೆ ಬತ್ತಳಿಕೆಯಲ್ಲಿ ಉಳಿಯುವುದು ಒಂದೇ: ‘ನಾನು ಕಳ್ಸಕ್ಕೆ ರೆಡಿ, ಮಗುನೇ ಬರಲ್ಲ ಅಂತಿದೆ.’ ಹೋಂವರ್ಕ್ ಮಾಡಲ್ಲ ಎಂದಾಗ, ಹಾಗಲಕಾಯಿ ತಿನ್ನಲ್ಲ ಎಂದಾಗ, ಇಂಜೆಕ್ಷನ್‌ಗೆ ಬರಲ್ಲ ಎಂದಾಗ ಅದರ ಅಭಿಪ್ರಾಯಕ್ಕೆ ಕವಡೆ ಕಿಮ್ಮತ್ತು ಕೊಡದ ನೀವು, ಇದೊಂದು ವಿಷಯದಲ್ಲಿ ಐದು ವರ್ಷದ ಪ್ರಜೆಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ತಲೆಬಾಗುತ್ತೀರಿ.

ಆದರೂ ನಿಮ್ಮಲ್ಲಿ ಕೆಲವರಿಗೆ ಒಳಗೊಳಗೇ ಅಳುಕು. ನಾಳೆ ಪೊಲೀಸರು ಬಂದರೆ? ಜೈಲು ಗೀಲು ಆದರೆ? ಅಂಥವರ ಸಮಾಧಾನಕ್ಕೆಂದೇ ಈ ಪತ್ರ. ಭಾರತದ ಕಾನೂನಿನ ಪುಸ್ತಕಗಳನ್ನು ತಿರುವಿ ಹಾಕಿ ಹೇಳುತ್ತಿದ್ದೇನೆ, ನೆಮ್ಮದಿಯಿಂದ ಇರಿ.

ಪೊಲೀಸರಿಂದಲೇ ಶುರುಮಾಡೋಣ. ಮಗು ಸಿಗದೆ ಗೇಟಿನಿಂದ ಹಿಂದಿರುಗಿದವರು ಆದೇಶದ ಪ್ರತಿ ಹಿಡಿದು ಠಾಣೆಗೆ ಹೋಗುತ್ತಾರೆ. ‘ಇದು ಸಿವಿಲ್ ಮ್ಯಾಟರ್ರು, ಕೋರ್ಟಿಗೆ ಹೋಗಿ’ ಎನ್ನುತ್ತಾರೆ ಅಲ್ಲಿ. ‘ಕೋರ್ಟಿಂದಾನೇ ಬಂದಿದೀನಿ ಸಾರ್’ ಎಂದರೆ ಅದಕ್ಕೂ ಉತ್ತರ ಸಿದ್ಧವಿದೆ: ‘ಹಂಗಾದ್ರೆ ಇನ್ನೊಂದ್ಸಲ ಹೋಗಿ.’ ಬಹಳ ಒತ್ತಾಯ ಮಾಡಿದರೆ ಒಂದು ಹಿಂಬರಹ ಕೈಗೆ ಬರುತ್ತದೆ, ವಿಷಯ ಸಿವಿಲ್ ಸ್ವರೂಪದ್ದಾದ್ದರಿಂದ ಸಕ್ಷಮ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳುವುದು ಎಂದು. ಸಕ್ಷಮ ನ್ಯಾಯಾಲಯ ಪರಿಹರಿಸಿಯಾಗಿದೆ ಎಂಬುದು ಅದೇ ಮೇಜಿನ ಮೇಲಿರುವ ಇನ್ನೊಂದು ಕಾಗದದಲ್ಲಿ ಬರೆದಿರುತ್ತದೆ. ಪೊಲೀಸರನ್ನು ಬೈಯುವುದು ಸುಲಭ. ಅವರ ಕೈಗೆ ಯಾವ ಕಲಂ ಕೊಟ್ಟಿದ್ದೇವೆ ಎಂದು ನೋಡಿದರೆ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ.

ಇರುವ ದೊಡ್ಡ ಕಲಂ ಅಪಹರಣದ್ದು. ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಂ. 2024ರ ಜುಲೈ 1ಕ್ಕೆ ಮುಂಚೆ ಅದೇ ದಂಡಸಂಹಿತೆಯ 361 ಮತ್ತು 363. ಕಾನೂನುಬದ್ಧ ಪಾಲಕರ ವಶದಲ್ಲಿರುವ ಮಗುವನ್ನು ಅವರ ಒಪ್ಪಿಗೆಯಿಲ್ಲದೆ ಒಯ್ದರೆ ಅಥವಾ ಪುಸಲಾಯಿಸಿ ಕರೆದೊಯ್ದರೆ ಏಳು ವರ್ಷದವರೆಗೆ ಸಜೆ, ಮೇಲೆ ದಂಡ. ಏಳು ವರ್ಷ ಎಂದೊಡನೆ ಗಾಬರಿಯಾಗಬೇಡಿ, ಮುಂದೆ ಓದಿ. ಮಗು ತನ್ನ ವಶದಲ್ಲಿರಲು ತಾನು ಹಕ್ಕುದಾರ ಎಂದು ಸದ್ಭಾವನೆಯಿಂದ ನಂಬಿದವರಿಗೆ ಆ ಕಲಂನಲ್ಲೇ ವಿನಾಯಿತಿ ಇದೆ. ಹೆತ್ತವರಿಗಿಂತ ಗಾಢವಾಗಿ ಹಾಗೆ ನಂಬುವವರು ಯಾರಿದ್ದಾರೆ? ಮಗುವನ್ನು ಬಾಗಿಲ ಹಿಂದೆ ಬಚ್ಚಿಡುವಾಗಲೂ ನಿಮ್ಮ ಸದ್ಭಾವನೆಗೆ ಒಂದಿಷ್ಟೂ ಕುಂದು ಬಂದಿರುವುದಿಲ್ಲ. ಇನ್ನು ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ 1956ರ ಕಾಯ್ದೆಯ ಪ್ರಕಾರ ತಂದೆ ಸ್ವಾಭಾವಿಕ ಪಾಲಕ. ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ 1999ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ತಾಯಿಯ ಪಾಲಕತ್ವಕ್ಕೂ ಗಟ್ಟಿ ನೆಲೆ ಸಿಕ್ಕಿದೆ. ತಂದೆಯೇ ತನ್ನ ಮಗುವನ್ನು ಕರೆದೊಯ್ದರೆ, ಅದನ್ನು ನಿಷೇಧಿಸುವ ನ್ಯಾಯಾಲಯದ ಆದೇಶ ಇಲ್ಲದಿದ್ದರೆ, ಅಪಹರಣದ ಅಪರಾಧ ಆಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2023ರಲ್ಲಿ ಹೇಳಿತು. ಅಲ್ಲಿ ಆದೇಶ ಇರಲಿಲ್ಲ, ನಿಮ್ಮಲ್ಲಿ ಇದೆಯಲ್ಲ ಎಂದು ಯಾರಾದರೂ ನೆನಪಿಸಿಯಾರು. ನಿಜ, ಆದೇಶ ಎದುರಿಗಿದ್ದೂ ಸ್ಕೂಲ್ ಗೇಟಿನಿಂದ ಮಗುವನ್ನು ಎತ್ತಿಕೊಂಡು ಹೋದವರ ಸದ್ಭಾವನೆ ಸ್ವಲ್ಪ ತೆಳ್ಳಗಾಗುತ್ತದೆ.

ಆದರೆ ಆ ಕಲಂನ ಕ್ರಿಯಾಪದ ಗಮನಿಸಿದ್ದೀರಾ? ಒಯ್ಯುವುದು, ಪುಸಲಾಯಿಸುವುದು. ನೀವು ಮಾಡಿದ್ದು ಎರಡೂ ಅಲ್ಲ, ಕಳಿಸಲಿಲ್ಲ, ಅಷ್ಟೇ. ಮಗು ನಿಮ್ಮ ಮನೆಯಲ್ಲಿತ್ತು, ನಿಮ್ಮ ಮನೆಯಲ್ಲೇ ಇದೆ. ಕಸ್ಟಡಿ ಆದೇಶದ ಉಲ್ಲಂಘನೆ ಬಹುತೇಕ ಸಂದರ್ಭಗಳಲ್ಲಿ ಹೀಗೆ ಏನೂ ಮಾಡದೆ ಆಗುವಂಥದ್ದು, ಅದಕ್ಕೆ ಹೊಂದುವ ಅಪರಾಧ ನಮ್ಮ ಸಂಹಿತೆಯಲ್ಲಿ ಇಲ್ಲ. ಫ್ರಾನ್ಸಿನ ದಂಡಸಂಹಿತೆಯಲ್ಲಿ ಇದೆ: ಕೇಳುವ ಹಕ್ಕಿದ್ದವರಿಗೆ ಮಗುವನ್ನು ಒಪ್ಪಿಸಲು ನಿರಾಕರಿಸುವುದೇ ಅಲ್ಲಿ ಅಪರಾಧ, ಒಂದು ವರ್ಷದ ಸಜೆ ಮತ್ತು 15,000 ಯೂರೋ ದಂಡದವರೆಗೆ. ನಮ್ಮಲ್ಲಿ 2023ರಲ್ಲಿ ಹೊಸ ಸಂಹಿತೆ ಬರೆದಾಗ ಅಪಹರಣದ ಕಲಂನಲ್ಲಿ ಹುಡುಗನಿಗೆ ಹದಿನಾರು, ಹುಡುಗಿಗೆ ಹದಿನೆಂಟು ಎಂದಿದ್ದ ವಯಸ್ಸಿನ ಭೇದವನ್ನು ತೆಗೆದು ಇಬ್ಬರಿಗೂ ಹದಿನೆಂಟು ಮಾಡಿದರು. ಕಳಿಸದವರ ತಂಟೆಗೆ ಬರಲಿಲ್ಲ. ಸಂಸತ್ತಿಗೆ ನಿಮ್ಮ ಮೇಲಿರುವ ವಿಶ್ವಾಸ ನೋಡಿ.

ಈಗ ನಿಮ್ಮ ನಿಜವಾದ ಆಪ್ತನ ಪರಿಚಯ ಮಾಡಿಕೊಡುತ್ತೇನೆ. ಹೆಸರು ಪಾಲಕರು ಮತ್ತು ಪಾಲಿತರ ಕಾಯ್ದೆ, ಹುಟ್ಟಿದ್ದು 1890, ಲಾರ್ಡ್ ಲ್ಯಾನ್ಸ್‌ಡೌನ್ ವೈಸರಾಯ್ ಆಗಿದ್ದ ಕಾಲ. ಕೌಟುಂಬಿಕ ನ್ಯಾಯಾಲಯದಲ್ಲಿ ಮಗುವಿಗಾಗಿ ಹಾಕುವ ‘ಜಿ ಅಂಡ್ ಡಬ್ಲ್ಯೂ’ ಕೇಸುಗಳೆಲ್ಲ ಇಂದಿಗೂ ಇದರ ಹೆಸರಿನಲ್ಲೇ ನಡೆಯುವುದು. ಇದರ 45ನೇ ಕಲಂ ಹಠಮಾರಿಗಳ ಬಗ್ಗೆ. ಮಗುವನ್ನು ಹಾಜರುಪಡಿಸು ಎಂದರೂ ಮಾಡದವರಿಗೆ, ಪಾಲಕರ ವಶಕ್ಕೆ ಮರಳಿಸಲು ಕೈಲಾದ ಪ್ರಯತ್ನ ಮಾಡದವರಿಗೆ 100 ರೂಪಾಯಿ ಮೀರದ ದಂಡ. ಹಠ ಮುಂದುವರಿಸಿದರೆ ದಿನಕ್ಕೆ 10 ರೂಪಾಯಿ ಮೀರದಂತೆ ಇನ್ನಷ್ಟು. ಒಟ್ಟು 500 ದಾಟುವಂತಿಲ್ಲ. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿ ಒಂದು ಸಲ ಸಿಕ್ಕಿಬಿದ್ದರೆ ಕಟ್ಟುವ ದಂಡ ಎಷ್ಟೋ, ಮಗುವನ್ನು ತಿಂಗಳುಗಟ್ಟಲೆ ಅಡಗಿಸಿಟ್ಟವರಿಗೆ ಈ ಕಲಂ ವಿಧಿಸುವ ಗರಿಷ್ಠ ದಂಡವೂ ಅಷ್ಟೇ. ಲ್ಯಾನ್ಸ್‌ಡೌನ್ ಕಾಲದಲ್ಲಿ ಹತ್ತು ರೂಪಾಯಿಗೆ ತೂಕವಿತ್ತು, ಕೂಲಿಯವನ ಮನೆಯೊಂದು ಅದರಲ್ಲಿ ದಿನಗಟ್ಟಲೆ ಉಣ್ಣುತ್ತಿತ್ತು. ಇವತ್ತು ಅದು ನೀವು ‘ಜ್ವರ’ ಎಂದು ಮೆಸೇಜು ಕಳಿಸುವ ಮೊಬೈಲಿನ ಒಂದು ದಿನದ ಡೇಟಾಕ್ಕೂ ಸಾಲದು.

ಅದೇ ಕಲಂನಲ್ಲಿ ಸಿವಿಲ್ ಜೈಲೂ ಇದೆ ಎಂಬುದನ್ನು ಮುಚ್ಚಿಡಲಾರೆ. ಎಷ್ಟು ದಿನ? ಮಗುವನ್ನು ಹಾಜರುಪಡಿಸುತ್ತೇನೆ ಎಂದು ನೀವು ಮಾತು ಕೊಡುವವರೆಗೆ. ಮಾತು ಕೊಡುವುದರಲ್ಲಿ ನಿಮಗಿರುವ ಅನುಭವದ ಮುಂದೆ ಇದೇನು ಮಹಾ. ನ್ಯಾಯಾಲಯದ ಸರಹದ್ದು ದಾಟಿಸಿ ಮಗುವನ್ನು ಒಯ್ದವರಿಗೆ 44ನೇ ಕಲಂನಲ್ಲಿ 1,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಿವಿಲ್ ಜೈಲು ಇದೆ. ಆದರೆ ಅದು ನ್ಯಾಯಾಲಯವೇ ನೇಮಿಸಿದ ಅಥವಾ ಘೋಷಿಸಿದ ಪಾಲಕರಿಗೆ ಮಾತ್ರ. ಹೆತ್ತಿದ್ದರಿಂದಲೇ ಪಾಲಕರಾದವರು ಆ ಬಲೆಯ ಕಣ್ಣಿನಿಂದ ಸುಲಭವಾಗಿ ನುಸುಳಬಹುದು.

ಇನ್ನು 25ನೇ ಕಲಂ. ಮಗು ಪಾಲಕರ ವಶದಿಂದ ಹೋದರೆ ಅಥವಾ ಯಾರಾದರೂ ಒಯ್ದರೆ, ಮರಳಿ ಬರುವುದೇ ಅದರ ಹಿತ ಎಂದು ಕಂಡರೆ, ನ್ಯಾಯಾಲಯ ಮರಳಲು ಆದೇಶಿಸಬಹುದು. ಆದೇಶ ಜಾರಿ ಮಾಡಲು ಯಾರನ್ನು ದಸ್ತಗಿರಿ ಮಾಡಬಹುದು ಎಂದು ಕಾಯ್ದೆ ಹೇಳುತ್ತದೆ ಗೊತ್ತೇ? ಮಗುವನ್ನು. ಮೂಲದಲ್ಲಿ ಇರುವುದೇ ಹಾಗೆ: ಪಾಲಿತನನ್ನು ದಸ್ತಗಿರಿ ಮಾಡಿಸಿ ಪಾಲಕನ ವಶಕ್ಕೆ ಒಪ್ಪಿಸಬಹುದು. ಬಚ್ಚಿಟ್ಟ ದೊಡ್ಡವರಿಗೆ ದಿನಕ್ಕೆ ಹತ್ತು ರೂಪಾಯಿ, ಬಚ್ಚಿಡಿಸಿಕೊಂಡ ಮಗುವಿಗೆ ದಸ್ತಗಿರಿ. ನ್ಯಾಯಾಧೀಶರು ಆ ಮಾತನ್ನು ಅಕ್ಷರಶಃ ಬಳಸದಷ್ಟು ವಿವೇಕ ತೋರುತ್ತಾರೆ, ಕಾಯ್ದೆ ತೋರಿಲ್ಲ.

ಆ ಕಡೆಯವರು ಛಲಗಾರರಾಗಿದ್ದರೆ ಅಮಲ್ಜಾರಿ ಅರ್ಜಿ ಹಾಕುತ್ತಾರೆ. ಕೌಟುಂಬಿಕ ನ್ಯಾಯಾಲಯದ ಆದೇಶವನ್ನು ಸಿವಿಲ್ ಕೋರ್ಟಿನ ಡಿಕ್ರಿಯ ಹಾಗೆ ಜಾರಿ ಮಾಡಬೇಕು ಎನ್ನುತ್ತದೆ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ. ಅಂದರೆ ನಿಮ್ಮ ಮಗಳ ಭಾನುವಾರವೂ ಬ್ಯಾಂಕಿನ ಸಾಲ ವಸೂಲಿಯೂ ಒಂದೇ ದಾರಿಯಲ್ಲಿ ನಡೆಯಬೇಕು. ಆ ದಾರಿಯಲ್ಲಿ ಸಿವಿಲ್ ಬಂಧನವೂ ಇದೆ. ಆದರೆ ಡಿಕ್ರಿಯ ಜಾರಿಗಾಗಿ ಒಬ್ಬರನ್ನು ಹಿಡಿಸಬೇಕಾದರೆ ಅವರ ಜೀವನಭತ್ಯೆಯನ್ನು ಡಿಕ್ರಿ ಪಡೆದವರೇ ಮುಂಗಡ ಕಟ್ಟಬೇಕು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆ. ಮಗುವಿನ ಮುಖ ನೋಡದವರು ನಿಮ್ಮ ತಿಂಡಿ ಊಟದ ಖರ್ಚು ಕಟ್ಟಿ ನಿಮ್ಮನ್ನು ಒಳಗೆ ಕಳಿಸಬೇಕು. ಅಷ್ಟರಲ್ಲಿ ಅಮೀನ ನೋಟಿಸು ತಂದಾಗ ನೀವು ಮನೆಯಲ್ಲಿರುವುದಿಲ್ಲ. ‘ಮನೆ ಬೀಗ ಹಾಕಿದೆ’ ಎಂಬ ಷರಾದೊಂದಿಗೆ ಅದು ವಾಪಸಾಗುತ್ತದೆ. ಎರಡನೇ ಸಲ ಅಂಟಿಸುತ್ತಾರೆ. ಮೂರನೇ ಸಲ ವಕಾಲತ್ತು ಹಾಕಿ, ಆಕ್ಷೇಪಣೆಗೆ ಸಮಯ ಕೇಳುತ್ತೀರಿ.

ನ್ಯಾಯಾಂಗ ನಿಂದನೆ? ಕೌಟುಂಬಿಕ ನ್ಯಾಯಾಧೀಶರು ತಾವಾಗಿ ಅದಕ್ಕೆ ಶಿಕ್ಷೆ ಕೊಡುವಂತಿಲ್ಲ, ಹೈಕೋರ್ಟಿಗೆ ಹೋಗಬೇಕು, ಅದೂ ಒಂದು ವರ್ಷದೊಳಗೆ. 1971ರ ಕಾಯ್ದೆಯಲ್ಲಿ ಗರಿಷ್ಠ ಆರು ತಿಂಗಳು ಸಾದಾ ಸಜೆ, 2,000 ರೂಪಾಯಿ ದಂಡ. ಸಿವಿಲ್ ನಿಂದನೆಗೆ ಸಾಮಾನ್ಯವಾಗಿ ದಂಡವೇ ಸಾಕು, ಅದರಿಂದ ನ್ಯಾಯ ಸಲ್ಲದಿದ್ದರೆ ಮಾತ್ರ ಜೈಲು. ಜೊತೆಗೆ ಉಲ್ಲಂಘನೆ ಉದ್ದೇಶಪೂರ್ವಕ ಎಂದು ಸಾಬೀತಾಗಬೇಕು. ನಿಮ್ಮ ಜ್ವರದ ಮೆಸೇಜುಗಳು ಇಲ್ಲಿ ಕೈಹಿಡಿಯುತ್ತವೆ, ಅಳಿಸಬೇಡಿ. ಕೊನೆಗೆ ಬೇಷರತ್ ಕ್ಷಮೆ ಎಂಬುದಿದ್ದೇ ಇದೆ. ನ್ಯಾಯಾಲಯಕ್ಕೆ ಒಪ್ಪಿಗೆಯಾಗುವಂತೆ ಕ್ಷಮೆ ಕೇಳಿದರೆ ಬಿಡುಗಡೆ. ಕ್ಷಮೆ ಕೇಳಬೇಕಾದ್ದು ನ್ಯಾಯಾಲಯವನ್ನು, ಮಗುವನ್ನಲ್ಲ. ಆ ಮಟ್ಟಿಗೆ ಅದು ಸುಲಭ.

ಅಪರೂಪಕ್ಕೆ ಕೈಮೀರುತ್ತದೆ ಎಂದೂ ಎಚ್ಚರಿಸಬೇಕು. 2022ರಲ್ಲಿ ವಿದೇಶದಲ್ಲಿ ನೆಲೆಸಿದ್ದ ಒಬ್ಬ ತಂದೆ ಸುಪ್ರೀಂ ಕೋರ್ಟಿನಲ್ಲಿ ರಾಜಿ ಷರತ್ತಿಗೆ ಒಪ್ಪಿ, ಜೂನ್ ರಜೆಗೆಂದು ಮಗನನ್ನು ಕರೆದೊಯ್ದು, ವಾಪಸು ತರಲಿಲ್ಲ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆತನಿಗೆ ಆರು ತಿಂಗಳ ಸೆರೆ, 25 ಲಕ್ಷ ರೂಪಾಯಿ ದಂಡ ವಿಧಿಸಿತು. ಆತನನ್ನು ಕರೆತರಲು ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೂ ಸಿಬಿಐಗೂ ಹೇಳಿತು. ಓದಲು ರೋಮಾಂಚನವಾಗುತ್ತದೆ. ಆದರೆ ದೇಶದ ಅತ್ಯುನ್ನತ ನ್ಯಾಯಾಲಯ, ಕೇಂದ್ರ ಸರ್ಕಾರ, ಸಿಬಿಐ ಮೂರೂ ಸೇರಬೇಕಾದದ್ದು ಒಬ್ಬ ಹುಡುಗ ರಜೆ ಮುಗಿಸಿ ಮನೆಗೆ ಬರಲಿ ಎಂಬುದಕ್ಕೆ. ನಿಮ್ಮ ಮನೆ ಗೇಟಿನ ಮುಂದೆ ನಿಂತಿರುವವರ ಬಳಿ ಇಷ್ಟು ಸರಂಜಾಮು ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ: ದುಡ್ಡು. ಜೀವನಾಂಶ ಬಾಕಿ ಉಳಿಸಿಕೊಂಡರೆ ವಾರೆಂಟು ಬರುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಲ್ಲಿ (ಹಳೆಯ 125) ಬಾಕಿ ತಿಂಗಳೊಂದಕ್ಕೆ ಒಂದು ತಿಂಗಳವರೆಗೆ ಸೆರೆವಾಸ. ಹಾಗೆಯೇ ಕೌಟುಂಬಿಕ ಹಿಂಸೆ ತಡೆಯ 2005ರ ಕಾಯ್ದೆಯಲ್ಲಿ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ. ಅದೇ ಕಾಯ್ದೆಯಡಿ ಅದೇ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಕಸ್ಟಡಿಯ ಆದೇಶವನ್ನೂ ಕೊಡಬಹುದು, ಶಿಕ್ಷೆಯ ಕಲಂ ಮಾತ್ರ ಆ ಆದೇಶದ ಹೆಸರೆತ್ತುವುದಿಲ್ಲ. ದುಡ್ಡು ಕೊಡದಿದ್ದರೆ ಅಪರಾಧಿಯಂತೆ ಕಾಣುತ್ತಾರೆ, ಮಗು ಕೊಡದಿದ್ದರೆ ಕಕ್ಷಿದಾರರಂತೆ. ‘ಮಗು ತೋರಿಸಲಿ, ಆಮೇಲೆ ದುಡ್ಡು’, ‘ದುಡ್ಡು ಹಾಕಲಿ, ಆಮೇಲೆ ಮಗು’ ಎಂಬ ನಿಮ್ಮಿಬ್ಬರ ವ್ಯಾಪಾರ ಹುಟ್ಟಿದ್ದು ಇಲ್ಲೇ. ಮಗುವಿನ ಅನ್ನ, ಮಗುವಿನ ಅಪ್ಪ ಅಮ್ಮ ಎರಡೂ ಮಗುವಿನವೇ. ಒಂದಕ್ಕೆ ಇನ್ನೊಂದನ್ನು ಒತ್ತೆ ಇಡಲು ನಿಮಗೆ ಅಧಿಕಾರಪತ್ರ ಬರೆದುಕೊಟ್ಟವರು ಯಾರು ಎಂದು ಕೇಳಬೇಕೆನಿಸುತ್ತದೆ. ಅಭಿನಂದನಾ ಪತ್ರದಲ್ಲಿ ಅಂಥ ಪ್ರಶ್ನೆ ಚೆನ್ನಾಗಿರುವುದಿಲ್ಲ.

ಇಷ್ಟಾದರೂ ನಿಮ್ಮ ಗೆಲುವಿಗೆ ಕಾರಣ ಕಾನೂನಿನ ಬಡತನ ಎಂದುಕೊಂಡರೆ ಅದು ನಿಮ್ಮ ಇನ್ನೊಬ್ಬ ಆಪ್ತನಿಗೆ ಮಾಡುವ ಅನ್ಯಾಯ. ನಿಮ್ಮ ಅತಿ ಸಮರ್ಥ ವಕೀಲ ವಾಯಿದೆ. ಲೆಕ್ಕ ಹಾಕಿ ನೋಡಿ. ಮಗುವಿಗೆ ನಾಲ್ಕು ವರ್ಷವಿದ್ದಾಗ ಆದೇಶ ಬಂತು. ಕಳಿಸಲಿಲ್ಲ. ಆ ಕಡೆಯವರು ಅರ್ಜಿ ಹಾಕಿದರು. ನೋಟಿಸು, ಆಕ್ಷೇಪಣೆ, ‘ಮಧ್ಯಸ್ಥಿಕೆಗೆ ಕಳಿಸಿ ನೋಡೋಣ’, ನ್ಯಾಯಾಧೀಶರ ವರ್ಗಾವಣೆ, ಬೇಸಿಗೆ ರಜೆ, ವಕೀಲರ ಮನೆ ಮದುವೆ, ಹೈಕೋರ್ಟಿನಲ್ಲೊಂದು ರಿಟ್. ಮಗುವಿಗೆ ಏಳಾಯಿತು. ಈಗ 1890ರ ಆ ನಿಮ್ಮ ಆಪ್ತ ಇನ್ನೊಮ್ಮೆ ನೆರವಿಗೆ ಬರುತ್ತಾನೆ: ವಿವೇಚನೆಯಿಂದ ಇಷ್ಟಾನಿಷ್ಟ ಹೇಳುವ ವಯಸ್ಸಾಗಿದ್ದರೆ ಅದನ್ನು ನ್ಯಾಯಾಲಯ ಪರಿಗಣಿಸಬಹುದು, 17ನೇ ಕಲಂ. ನ್ಯಾಯಾಧೀಶರು ಮಗುವನ್ನು ಚೇಂಬರಿಗೆ ಕರೆದು, ಚಾಕೊಲೇಟ್ ಕೊಟ್ಟು, ಯಾರ ಜೊತೆ ಇರ್ತೀಯ ಪುಟ್ಟಾ ಎಂದು ಕೇಳುತ್ತಾರೆ. ಮೂರು ವರ್ಷ ಒಂದೇ ಮುಖ ನೋಡಿದ ಮಗು ಇನ್ನೇನು ಹೇಳೀತು? ‘ಮಗು ಹೊಂದಿಕೊಂಡಿರುವ ವಾತಾವರಣವನ್ನು ಈಗ ಕದಡುವುದು ಅದರ ಹಿತಕ್ಕೆ ಒಳ್ಳೆಯದಲ್ಲ’ ಎಂಬ ಸಾಲು ಟೈಪಾಗುತ್ತದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕಟ್ಟಿದ ಹಿರಿಯರಿಗೆ ನಿಮ್ಮಂಥವರ ಪರಿಚಯವಿರಲಿಲ್ಲ. ಇಲ್ಲಿ ಸೋತವರು ಸುಮ್ಮನೆ ಕಾದು ಗೆದ್ದಿದ್ದಾರೆ.

ಸುಪ್ರೀಂ ಕೋರ್ಟಿಗೆ ಈ ಮರ್ಮ ಗೊತ್ತಿಲ್ಲದೆ ಇಲ್ಲ. ಎರಡು ವರ್ಷ ತುಂಬುವ ಮೊದಲೇ ತಾಯಿಯಿಂದ ಬೇರೆಯಾಗಿ ತಂದೆಯ ಬಳಿ ಬೆಳೆದ ಒಬ್ಬ ಹುಡುಗಿಯ ಪ್ರಕರಣ 2017ರಲ್ಲಿ ತೀರ್ಮಾನವಾದಾಗ ಅವಳಿಗೆ ಎಂಟರ ಆಸುಪಾಸು. ತಾಯಿಯ ಜೊತೆ ಇದ್ದೇ ಗೊತ್ತಿಲ್ಲದ ಮಗು ತಂದೆಯೇ ಬೇಕು ಎಂದರೆ ಅದನ್ನು ಆಯ್ಕೆ ಎನ್ನಲು ಬರುವುದಿಲ್ಲ ಎಂಬ ಧಾಟಿಯಲ್ಲಿ ನ್ಯಾಯಾಲಯ ಯೋಚಿಸಿತು, ಒಬ್ಬರ ವಿರುದ್ಧ ಮಗುವಿನ ಮನಸ್ಸು ಒಡೆಯುವ ‘ಪೇರೆಂಟಲ್ ಏಲಿಯನೇಷನ್’ ಬಗ್ಗೆ ಮಾತಾಡಿತು, ಮಗುವನ್ನು ತಾಯಿಯ ಬಳಿಗೆ ಕಳಿಸಿತು. 2020ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ದೂರದಲ್ಲಿರುವ ತಂದೆ ಅಥವಾ ತಾಯಿಯ ಜೊತೆ ಮಗು ವಿಡಿಯೋ ಕರೆಯಲ್ಲಾದರೂ ಮಾತಾಡುವುದು ಅದರ ಹಕ್ಕು ಎಂದಿತು. ಮಾತು ಚೆನ್ನಾಗಿದೆ. ಆದರೆ ಎಲ್ಲ ಮಕ್ಕಳೂ ದೆಹಲಿಯ ತನಕ ಹೋಗಿ ತೀರ್ಪು ತರಲಾರವು.

ನಿಮ್ಮಲ್ಲಿ ವಿಮಾನ ಹತ್ತಿದವರೂ ಇದ್ದಾರೆ, ಅವರದ್ದು ಇನ್ನೂ ಮೇಲಿನ ದರ್ಜೆ. ಅಮೆರಿಕದಲ್ಲಿ ಮನೆ ಮಾಡಿದ್ದ ಕನ್ನಡದ ಜೋಡಿಯೊಂದು ಒಡೆದರೆ, ‘ಎರಡು ವಾರ ಅಜ್ಜಿ ಮನೆಗೆ’ ಎಂದು ಟಿಕೆಟ್ ತೆಗೆದು ಮಗುವಿನೊಂದಿಗೆ ಬೆಂಗಳೂರಿಗೆ ಬಂದು ಇಲ್ಲೇ ಸ್ಕೂಲಿಗೆ ಸೇರಿಸುವ ದಾರಿ ಇದೆ. ಅಮೆರಿಕದ 1993ರ ಕಾನೂನಿನಲ್ಲಿ ಇದು ಮೂರು ವರ್ಷದವರೆಗೆ ಸಜೆಯಾಗುವ ಅಪರಾಧ; ಬ್ರಿಟನ್ನಿನ 1984ರ ಕಾಯ್ದೆಯಲ್ಲಿ ಏಳು ವರ್ಷದವರೆಗೆ. ಮಗುವನ್ನು ಬೇಗ ಮರಳಿಸಲೆಂದೇ 1980ರಲ್ಲಿ ಹೇಗ್ ಒಪ್ಪಂದ ಆಯಿತು, ಆರು ವಾರದೊಳಗೆ ತೀರ್ಮಾನ ಎಂಬುದು ಅದರ ಆಶಯ. ಶ್ರೀಲಂಕಾ ಸೇರಿದೆ, ಪಾಕಿಸ್ತಾನ ಸೇರಿದೆ, ಭಾರತ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲೇ ಹೇಳಿತ್ತು. 2016ರಲ್ಲಿ ಒಂದು ವರ್ಷದವರೆಗಿನ ಸಜೆಯ ಅಂಶವಿದ್ದ ಮಸೂದೆಯ ಕರಡನ್ನೇ ಬರೆದುಕೊಟ್ಟಿತು. ಆಮೇಲೆ ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿ 2018ರಲ್ಲಿ ವರದಿ ಕೊಟ್ಟಿತು. ಮಸೂದೆ ಕಾನೂನಾಗಲಿಲ್ಲ. ಇದರ ಹಿಂದಿನ ಆತಂಕವನ್ನು ನಾನು ಗೇಲಿ ಮಾಡಲಾರೆ: ಪರದೇಶದಲ್ಲಿ ಹೊಡೆತ ತಿಂದು, ಕೈಯಲ್ಲಿ ಕಾಸಿಲ್ಲದೆ, ಮಗುವಿನೊಂದಿಗೆ ತವರಿಗೆ ಓಡಿ ಬಂದ ಹೆಣ್ಣುಮಗಳನ್ನು ಮತ್ತೆ ಅದೇ ಮನೆಯ ಊರಿಗೆ ಅಟ್ಟುವ ಕಾನೂನಾಗಬಾರದು ಎಂಬ ಆತಂಕ ಅದು.

ಆದ್ದರಿಂದ ಇಲ್ಲಿ ಒಂದು ಕ್ಷಣ ವ್ಯಂಗ್ಯ ಬದಿಗಿಡುತ್ತೇನೆ. ಮಗುವಿನ ಮೈಮೇಲೆ ಗಾಯ ಕಂಡು, ಕುಡಿದು ಬರುವವರ ಕೈಗೆ ಕೊಡಲು ಹೆದರಿ ಕಳಿಸದವರಿಗೆ ಈ ಪತ್ರ ಅಲ್ಲ. ಅವರು ಮಾಡಬೇಕಾದ್ದು ಮಾರನೆಯ ದಿನವೇ ಕೋರ್ಟಿಗೆ ಹೋಗಿ, ಆದೇಶ ಬದಲಿಸಿ, ಇನ್ನೊಬ್ಬರ ಕಣ್ಣೆದುರು ಕೋರ್ಟಿನ ಆವರಣದಲ್ಲೇ ಭೇಟಿ ಮಾಡಿಸಿ ಎಂದು ಕೇಳುವುದು. ಹಾಗೆ ಕೇಳಿದವರು ಆದೇಶ ಮುರಿದವರಲ್ಲ. ನಿಮಗೂ ಅವರಿಗೂ ಇರುವ ವ್ಯತ್ಯಾಸ ಅರ್ಜಿಯ ಒಂದು ಹಾಳೆ. ಆ ಹಾಳೆಯನ್ನು ನೀವು ಬರೆಯದಿರುವುದಕ್ಕೆ ಕಾರಣ, ಅದರಲ್ಲಿ ಬರೆಯಲು ಏನೂ ಇಲ್ಲ ಎಂಬುದು.

ಹಾಗಿದ್ದರೆ ನಿಮ್ಮನ್ನೆಲ್ಲ ಏಳು ವರ್ಷ ಒಳಗೆ ಹಾಕುವ ಕಾನೂನು ಬರಲಿ ಎನ್ನುತ್ತೀರಾ ಎಂದು ಕೇಳಿದರೆ, ಬೇಡ. ಕ್ರಿಮಿನಲ್ ಕಾನೂನಿನ ಮೇಲೆ ಆ ಮೋಹ ನನಗಿಲ್ಲ. ಮಗುವಿನ ಅಮ್ಮನನ್ನೋ ಅಪ್ಪನನ್ನೋ ಜೈಲಿಗೆ ಕಳಿಸಿದರೆ ಶಿಕ್ಷೆ ಅನುಭವಿಸುವುದು ಮಗುವೇ ಎಂದು ಯಾವ ನ್ಯಾಯಾಧೀಶರಿಗಾದರೂ ಅನಿಸುತ್ತದೆ, ಅದಕ್ಕೇ ಅವರ ಕೈ ಹಿಂಜರಿಯುತ್ತದೆ. ಏಳು ವರ್ಷ ಎಂದು ಬರೆದಿಟ್ಟ ಶಿಕ್ಷೆ ಕೊಡಲು ಮನಸ್ಸು ಬಾರದೆ ಸೊನ್ನೆಯಾಗಿ ಉಳಿಯುತ್ತದೆ. ಹೊಸ ಕಲಂ ಬಂದರೆ ಸುಳ್ಳು ಎಫ್‌ಐಆರುಗಳ ಸುಗ್ಗಿಯೂ ಶುರುವಾಗುತ್ತದೆ, ಆ ಕೃಷಿಯಲ್ಲಿ ನಿಮ್ಮ ಅನುಭವ ಸಣ್ಣದಲ್ಲ. ನಿಮಗೆ ನಿಜವಾಗಿ ತ್ರಾಸಾಗುವುದು ಚಿಕ್ಕದಾದ, ಬೇಗ ಬೀಳುವ, ತಪ್ಪಿಸಿಕೊಳ್ಳಲಾಗದ ಪೆಟ್ಟು. ಒಂದು ಭಾನುವಾರ ಕಳಿಸದಿದ್ದರೆ ಮುಂದಿನ ವಾರವೇ ಎರಡು ದಿನ ಆ ಕಡೆಗೆ. ಬಂದು ಹೋದವರ ಬಸ್ಸು, ರೈಲಿನ ಖರ್ಚು ನಿಮ್ಮ ಸಂಬಳದಿಂದ. ಅಮಲ್ಜಾರಿ ಅರ್ಜಿ ಹೇಗ್ ಒಪ್ಪಂದದವರು ದೇಶದೇಶಗಳ ನಡುವೆ ಆಶಿಸಿದ ಆ ಆರು ವಾರದಲ್ಲಿ, ಜಯನಗರಕ್ಕೂ ಮಲ್ಲೇಶ್ವರಕ್ಕೂ ನಡುವೆಯಾದರೂ, ಮುಗಿಯಬೇಕು. ಕಾಯಿಸಿದ ವರ್ಷಗಳನ್ನು ‘ಮಗು ಹೊಂದಿಕೊಂಡಿದೆ’ ಎಂದು ನಿಮ್ಮ ಖಾತೆಗೆ ಜಮಾ ಮಾಡಿಕೊಡಬಾರದು. ಇಷ್ಟಕ್ಕೂ ಬಗ್ಗದೆ ಪದೇ ಪದೇ ಮುರಿದವರಿಗೆ ಕೊನೆಯಲ್ಲಿ ಜೈಲು ಇರಲಿ, ಆಗ ಯಾರ ಕೈಯೂ ಹಿಂಜರಿಯಬೇಕಿಲ್ಲ. ಇವುಗಳಲ್ಲಿ ಮುಕ್ಕಾಲು ಪಾಲನ್ನು ಮಾಡಲು ಇಂದಿನ ನ್ಯಾಯಾಲಯಗಳಿಗೆ ಯಾವ ಹೊಸ ಕಾಯ್ದೆಯೂ ಬೇಕಿಲ್ಲ.

ಅದಾಗುವವರೆಗೆ ನೀವು ಸುರಕ್ಷಿತ. ಇನ್ನು ಕೆಲವೇ ವರ್ಷ ಹೀಗೇ ನಡೆಸಿದರೆ ಮಗುವಿಗೆ ಹದಿನೆಂಟು ತುಂಬುತ್ತದೆ. ಅವತ್ತಿಗೆ ಆದೇಶ ತಾನಾಗಿ ಸಾಯುತ್ತದೆ, ಅಮಲ್ಜಾರಿ ಅರ್ಜಿಗೆ ಅರ್ಥವಿರುವುದಿಲ್ಲ, ನಿಮ್ಮನ್ನು ಪ್ರಶ್ನಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಉಳಿಯುವುದಿಲ್ಲ. ಪ್ರಶ್ನೆ ಕೇಳುವ ವಯಸ್ಸು ಬಂದಿರುವುದು ಒಬ್ಬರಿಗೆ ಮಾತ್ರ. ಬೀರುವಿನಲ್ಲಿರುವ ಆ ದೃಢೀಕೃತ ನಕಲನ್ನು ಓದಲು ಅವರಿಗೆ ವಕೀಲರ ಸಹಾಯ ಬೇಕಾಗುವುದಿಲ್ಲ.

ಇತಿ ನಿಮ್ಮ ಹಿತೈಷಿ

ತಾ.ಕ.: ಈ ಪತ್ರದ ಒಂದು ಪ್ರತಿಯನ್ನು ವಿಧಾನಸೌಧದ ಮಾನ್ಯ ಶಾಸಕರಿಗೂ ಕಳಿಸುತ್ತಿದ್ದೇನೆ. ಅಪ್ರಾಪ್ತ ಮಕ್ಕಳ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿದೆ. ದಿನಕ್ಕೆ ಹತ್ತು ರೂಪಾಯಿಯ ಆ ಕಲಂ ತಿದ್ದಲು ದೆಹಲಿಯನ್ನೇ ಕಾಯಬೇಕಿಲ್ಲ. ಕರ್ನಾಟಕದ ಶಾಸನಸಭೆ ತಿದ್ದುಪಡಿ ಮಾಡಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದರೆ ಈ ರಾಜ್ಯದಲ್ಲಿ ಅದು ಜಾರಿಗೆ ಬರುತ್ತದೆ. ದಯವಿಟ್ಟು ಮುಂದಿನ ಅಧಿವೇಶನದಲ್ಲಿ ಅರ್ಧ ದಿನ ಕೊಡಿ.